ಹಳೆಯ ಕಾರ್ಟೂನ್, ಹಳೆಯ ಅನಿಮೇಷನ್ ನೋಡಿ ಚಿತ್ರ ಕಲಿಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಸ್ಕೆಚ್ ಬುಕ್ ತುಂಬ ಹಳೆಯ ಕಾರ್ಟೂನ್‌ಗಳ ನಕಲು. ಒಂದೊಂದೂ ಅಚ್ಚುಕಟ್ಟಾಗಿದೆ. ಆದರೆ ಸ್ವಂತ ಚಿತ್ರ ಬಿಡಿಸಿ ಎಂದರೆ ಕೈ ಓಡುವುದಿಲ್ಲ. ಬಿಡಿಸಿದರೂ ಅದರಲ್ಲಿ ಜೀವ ಇರುವುದಿಲ್ಲ. ಚಿತ್ರ ಕಲಿಯುವವರು ಈ ದೂರನ್ನೇ ಮತ್ತೆ ಮತ್ತೆ ಹೊತ್ತು ತರುತ್ತಾರೆ. ನಾನೂ ಎರಡು ವರ್ಷ ಹೀಗೇ ಕಳೆದಿದ್ದೇನೆ. ನೂರಾರು ಮುಖಗಳನ್ನು ನಕಲು ಮಾಡಿದೆ, ಸ್ವಂತವಾಗಿ ಒಂದು ಮುಖ ಕಟ್ಟಲು ಬರಲಿಲ್ಲ.

ಶ್ರಮ ಸಾಲದೆ ಹೀಗಾಗುವುದಿಲ್ಲ, ಕ್ರಮ ತಪ್ಪಿ ಹೀಗಾಗುತ್ತದೆ. ಎಲ್ಲರೂ ಗೆರೆಯಿಂದ ಶುರು ಮಾಡುತ್ತಾರೆ. ಆದರೆ ಆ ಚಿತ್ರ ಹುಟ್ಟಿದಾಗ ಗೆರೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಏನು ಹೇಳಬೇಕು ಎಂಬುದು ಮೊದಲು, ಯಾರು ಎಲ್ಲಿ ನಿಲ್ಲಬೇಕು ಎಂಬುದು ಆಮೇಲೆ, ಮಸಿ ಅದಾದ ಮೇಲೆ. ಅನಿಮೇಷನ್‌ನಲ್ಲೂ ಹಾಗೆಯೇ. ಮೊದಲು ಲೆಕ್ಕ, ನಂತರ ಚಿತ್ರ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಕಾರ್ಟೂನ್ ಭಾಗಕ್ಕೆ ಎರಡು ವಾರ, ಅನಿಮೇಷನ್ ಭಾಗಕ್ಕೆ ನಾಲ್ಕು ವಾರ ಬೇಕು.

## ಶುರು ಮಾಡುವ ಮುಂಚೆ: ಬೇಕಾದ ಸಾಮಾನು

ಜಾಸ್ತಿ ಖರ್ಚಿಲ್ಲ. 2ಬಿ ಪೆನ್ಸಿಲ್, ಒಂದು ರೀಮ್ ಎ4 ಹಾಳೆ, ಒಂದಷ್ಟು ಟ್ರೇಸಿಂಗ್ ಪೇಪರ್, ಒರಟು ಮೈಯ ಕಾರ್ಟ್ರಿಡ್ಜ್ ಹಾಳೆ, ಇಂಡಿಯನ್ ಇಂಕ್, ಅದ್ದಿ ಬರೆಯುವ ನಿಬ್, 2 ಅಥವಾ 3ನೇ ನಂಬರಿನ ದುಂಡು ಬ್ರಷ್, ಕಪ್ಪು ಕ್ರೇಯಾನ್. ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಒಳಗೇ ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ, ಮತ್ತೆ ಸರಿಹೋಗುವುದು ಕಷ್ಟ.

ಅನಿಮೇಷನ್‌ಗೆ ಹಾಳೆಗಳು ಅಲುಗಾಡದೆ ಒಂದರ ಮೇಲೊಂದು ಕೂರಬೇಕು. ಆಫೀಸಿನಲ್ಲಿ ಬಳಸುವ ಎರಡು ತೂತಿನ ಪಂಚಿಂಗ್ ಮಷೀನ್ ಸಾಕು. ತೂತು ಮಾಡಿದ ಹಾಳೆಗಳನ್ನು ಫೈಲಿನ ತಗಡಿನ ಕ್ಲಿಪ್ಪಿಗೆ ಸಿಕ್ಕಿಸಿ, ಕ್ಲಿಪ್ಪನ್ನು ಗಾಜಿನ ಅಂಚಿಗೆ ಟೇಪು ಹಾಕಿ ಅಂಟಿಸಿ. ಗಾಜನ್ನು ಎರಡು ಕಡೆ ಪುಸ್ತಕಗಳ ಮೇಲೆ ಇಟ್ಟು ಕೆಳಗೆ ಒಂದು ಎಲ್‌ಇಡಿ ಬಲ್ಬ್ ಇಟ್ಟರೆ ಲೈಟ್ ಬಾಕ್ಸ್ ಸಿದ್ಧ. ಗಾಜಿನ ಅಂಚುಗಳಿಗೆಲ್ಲ ಟೇಪು ಸುತ್ತಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ.

ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇರಲಿ. ಅದರಲ್ಲಿ ಇಂಗ್ಲಿಷಿನ 'ಇ' (E) ಕೀಲಿ ಒತ್ತಿದಾಗಲೆಲ್ಲ ಒಂದು ಫ್ರೇಮ್, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರ, ಮುಂದೆ ಹೋಗುತ್ತದೆ. ಯೂಟ್ಯೂಬ್‌ನಲ್ಲಾದರೆ ವಿಡಿಯೋ ನಿಲ್ಲಿಸಿ ಚುಕ್ಕಿ ಕೀಲಿ ಒತ್ತಿದರೆ ಮುಂದಿನ ಫ್ರೇಮ್, ಅಲ್ಪವಿರಾಮದ ಕೀಲಿ ಒತ್ತಿದರೆ ಹಿಂದಿನದು.

## ಹಂತ 1: ಒಂದೇ ಚಿತ್ರ ಆರಿಸಿಕೊಳ್ಳಿ

ಫೋನಿನಲ್ಲಿ ನೂರು ಚಿತ್ರ ಉಳಿಸಿಟ್ಟುಕೊಂಡವರು ಒಂದನ್ನೂ ಕಲಿಯುವುದಿಲ್ಲ. ಎರಡು ವಾರಕ್ಕೆ ಒಂದೇ ಒಂದು ಕಾರ್ಟೂನ್ ಸಾಕು. ಎರಡು ಷರತ್ತು ಇಟ್ಟುಕೊಳ್ಳಿ. ಬಿಡಿಸಿದವರ ಹೆಸರು ಮತ್ತು ಅಚ್ಚಾದ ದಿನ ಗೊತ್ತಿರಬೇಕು. ಸ್ಕ್ಯಾನ್ ದೊಡ್ಡದಾಗಿರಬೇಕು.

ಲಂಡನ್ನಿನ 'ಪಂಚ್' ಪತ್ರಿಕೆ 1841ರಲ್ಲಿ ಶುರುವಾಯಿತು. ಅದರ ಹಳೆಯ ಸಂಪುಟಗಳನ್ನು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಆನ್‌ಲೈನ್‌ನಲ್ಲಿ ಇಟ್ಟಿದೆ. ಫ್ರಾನ್ಸಿನ ಓನೊರೆ ದೋಮಿಯೆ ಬಿಡಿಸಿದ ಸುಮಾರು 4000 ಕಲ್ಲಚ್ಚಿನ ಚಿತ್ರಗಳಲ್ಲಿ ಬಹುಪಾಲು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಬ್ರಿಟಿಷ್ ಮ್ಯೂಸಿಯಂ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಚಿತ್ರಗಳಿವೆ. ನಮ್ಮಲ್ಲೇ ಹುಡುಕುವುದಾದರೆ ರಾಶಿ, ಅಂದರೆ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ 'ಕೊರವಂಜಿ'ಯ ಹಳೆಯ ಸಂಚಿಕೆಗಳನ್ನು ನೋಡಿ. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವ ಮುಂಚೆ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಕೊರವಂಜಿಯಿಂದ ಒಂದು ಅನುಕೂಲವೂ ಇದೆ. ಆ ಕಾಲದ ರೇಷನ್, ಬಸ್ಸು, ಬಾಡಿಗೆ ಮನೆಯ ಪಾಡು ಹೇಗಿತ್ತು ಎಂದು ಮನೆಯ ಅಜ್ಜ ಅಜ್ಜಿಯನ್ನೇ ಕೇಳಬಹುದು.

ಬೆಂಗಳೂರಿನಲ್ಲಿರುವವರು ಎಂ.ಜಿ. ರಸ್ತೆ ಪಕ್ಕದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಒಮ್ಮೆ ಹೋಗಿಬನ್ನಿ. ಗೋಡೆಯ ಮೇಲೆ ದೊಡ್ಡದಾಗಿ ನೋಡುವುದೇ ಬೇರೆ, ಫೋನಿನ ಪರದೆಯಲ್ಲಿ ನೋಡುವುದೇ ಬೇರೆ.

ಎಚ್ಚರಿಕೆ: ಹಿಗ್ಗಿಸಿದಾಗ ಗೆರೆಯ ಅಂಚು ಚೌಕ ಚೌಕವಾಗಿ ಒಡೆದರೆ ಆ ಸ್ಕ್ಯಾನ್ ಬಿಡಿ. ಹಾಳೆ ಹಾಲಿನಂತೆ ಬಿಳಿ, ಗೆರೆ ಕಾಡಿಗೆಯಂತೆ ಕಪ್ಪು ಆಗಿ ಮಧ್ಯದ ಛಾಯೆಯೇ ಇಲ್ಲದಿದ್ದರೆ ಯಾರೋ ಅದನ್ನು ಕಂಪ್ಯೂಟರಿನಲ್ಲಿ ತೊಳೆದಿದ್ದಾರೆ ಎಂದರ್ಥ. ಸಣ್ಣ ಗೆರೆಗಳು ಅದರ ಜೊತೆಗೇ ಹೋಗಿರುತ್ತವೆ.

## ಹಂತ 2: ಪೆನ್ಸಿಲ್ ಕೆಳಗಿಟ್ಟು ಸುದ್ದಿ ಓದಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಕಾರ್ಟೂನ್ ಅಂದರೆ ಒಂದು ಸುದ್ದಿಗೆ ಕೊಟ್ಟ ಉತ್ತರ. ಸುದ್ದಿ ಗೊತ್ತಿಲ್ಲದೆ ಉತ್ತರವನ್ನು ನಕಲು ಮಾಡಿದರೆ ಏನೂ ದಕ್ಕುವುದಿಲ್ಲ.

ಒಂದು ಚಿತ್ರ ತೆಗೆದುಕೊಳ್ಳೋಣ. ಜಾನ್ ಟೆನಿಯಲ್ ಬಿಡಿಸಿ 1890ರ ಮಾರ್ಚ್ 29ರ ಪಂಚ್‌ನಲ್ಲಿ ಅಚ್ಚಾದದ್ದು. ದೊಡ್ಡ ಹಡಗು. ವಯಸ್ಸಾದ ಪೈಲಟ್ ಒಬ್ಬ ಹಡಗಿನ ಪಕ್ಕದ ಮೆಟ್ಟಿಲು ಇಳಿಯುತ್ತಿದ್ದಾನೆ. ಮೇಲೆ ಕಟಕಟೆಗೆ ಒರಗಿಕೊಂಡು ಕಿರೀಟ ತೊಟ್ಟ ಯುವಕ ಕೆಳಗೆ ನೋಡುತ್ತಿದ್ದಾನೆ. ಅಷ್ಟೇ.

ಸುದ್ದಿ ಹೀಗಿದೆ. ಹತ್ತೊಂಬತ್ತು ವರ್ಷ ಜರ್ಮನ್ ಸಾಮ್ರಾಜ್ಯವನ್ನು ನಡೆಸಿದ ಬಿಸ್ಮಾರ್ಕ್‌ನನ್ನು 31 ವರ್ಷದ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಅದೇ ತಿಂಗಳು ಅಧಿಕಾರದಿಂದ ಇಳಿಸಿದ್ದ. ಬಿಸ್ಮಾರ್ಕ್‌ಗೆ ಆಗ 75 ಆಗಲು ಕೆಲವೇ ದಿನ ಬಾಕಿ. ಇನ್ನೊಂದು ವಿಷಯವೂ ತಿಳಿದಿರಬೇಕು. ಬಂದರಿನ ಹತ್ತಿರದ ಅಪಾಯದ ನೀರಿನಲ್ಲಿ ಹಡಗಿಗೆ ದಾರಿ ತೋರಿಸುವವನು ಪೈಲಟ್. ಅಪಾಯ ಮುಗಿದ ಮೇಲೆ ಅವನು ಇಳಿದು ಹೋಗುತ್ತಾನೆ. ಅಪಾಯ ನಿಜಕ್ಕೂ ಮುಗಿದಿದೆಯೇ? ಚಿತ್ರ ಕೇಳುತ್ತಿರುವುದು ಅದನ್ನೇ.

ನೀವು ಮಾಡಬೇಕಾದದ್ದು: ಒಂದು ಹಾಳೆಯಲ್ಲಿ ಮೂರೇ ವಾಕ್ಯ ಬರೆಯಿರಿ. ಆ ವಾರ ಏನಾಗಿತ್ತು? ಕಲಾವಿದ ಅದನ್ನು ಯಾವುದಕ್ಕೆ ಹೋಲಿಸಿದ? ಹೋಲಿಕೆಯಿಂದ ಹೊಸದಾಗಿ ಏನು ಗೊತ್ತಾಯಿತು? ಮೂರನೇ ವಾಕ್ಯ ಬರೆಯಲು ಆಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಇನ್ನೂ ಓದಿ, ಇಲ್ಲವೇ ಚಿತ್ರವನ್ನೇ ಬದಲಿಸಿ.

## ಹಂತ 3: ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಬಿಡಿಸಿ

ಈಗ ಪೆನ್ಸಿಲ್ ಹಿಡಿಯಿರಿ, ಆದರೆ ಗೆರೆ ಎಳೆಯುವುದಕ್ಕಲ್ಲ. ಬೆಂಕಿಪೊಟ್ಟಣದ ಅಳತೆಯ ಆರು ಚೌಕ ಹಾಕಿಕೊಳ್ಳಿ. ಮೂಲ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿ. ವಿವರ ಮಸುಕಾಗಿ ಕಪ್ಪು, ಬೂದು, ಬಿಳಿ ಎಂಬ ಮೂರು ತುಂಡು ಮಾತ್ರ ಉಳಿಯುತ್ತವೆ. ಅವನ್ನಷ್ಟೇ ಚೌಕದಲ್ಲಿ ತುಂಬಿ. ಮುಖ ಬೇಡ, ಬಟ್ಟೆ ಬೇಡ.

ಟೆನಿಯಲ್ ಚಿತ್ರದಲ್ಲಿ ಇದನ್ನು ಮಾಡಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಹಡಗಿನ ಪಕ್ಕೆ ದೊಡ್ಡ ಗೋಡೆಯಂತೆ ನಿಂತಿದೆ. ಆ ಗೋಡೆಯ ಮುಂದೆ ಇಳಿಯುವವನು ಒಂಟಿ. ಮೇಲಿನವನು ಚಿಕ್ಕವನು, ಆದರೆ ಮೇಲೆ ಇದ್ದಾನೆ. ಇಬ್ಬರ ನಡುವಿನ ಖಾಲಿ ಜಾಗವೇ ಅರ್ಧ ಕಥೆ ಹೇಳುತ್ತದೆ. ಗೆರೆಯನ್ನು ನಕಲು ಮಾಡುತ್ತಾ ಕುಳಿತವರಿಗೆ ಈ ಖಾಲಿ ಜಾಗ ಕಣ್ಣಿಗೇ ಬೀಳುವುದಿಲ್ಲ.

ಹೋಲಿಸಲು ಡೇವಿಡ್ ಲೋ 1939ರ ಸೆಪ್ಟೆಂಬರ್ 20ರಂದು ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್'ನಲ್ಲಿ ಬಿಡಿಸಿದ ಚಿತ್ರ ಇಟ್ಟುಕೊಳ್ಳಿ. ಹಿಟ್ಲರ್ ಮತ್ತು ಸ್ಟಾಲಿನ್ ಟೋಪಿ ಎತ್ತಿ ಬಾಗಿ ಒಬ್ಬರಿಗೊಬ್ಬರು ನಮಸ್ಕರಿಸುತ್ತಿದ್ದಾರೆ. ಬಾಯಲ್ಲಿ ಬೈಗುಳ. ಇಬ್ಬರ ನಡುವೆ ನೆಲದಲ್ಲಿ ಹೆಣವಾಗಿ ಬಿದ್ದಿದೆ ಪೋಲೆಂಡ್. ಮೂರು ದಿನದ ಹಿಂದಷ್ಟೇ ಸೋವಿಯತ್ ಸೇನೆಯೂ ಪೋಲೆಂಡಿಗೆ ನುಗ್ಗಿತ್ತು. ಇಲ್ಲಿ ಎಡ ಬಲ ತಕ್ಕಡಿಯಂತೆ ಸಮ. ಆ ಸಮತೋಲ ಸುಮ್ನೆ ಬಂದದ್ದಲ್ಲ. ಇಬ್ಬರೂ ಒಂದೇ ಎಂದು ಹೇಳಲು ಬೇಕಾಗಿತ್ತು.

ಮೂರನೆಯದಾಗಿ ಲಕ್ಷ್ಮಣ್ ಅವರ ಯಾವುದಾದರೂ ಒಂದು ಪಾಕೆಟ್ ಕಾರ್ಟೂನ್, ಅಂದರೆ ಪತ್ರಿಕೆಯ ಪುಟ್ಟ ಚೌಕದ ಕಾರ್ಟೂನ್ ನೋಡಿ. ಚೌಕಳಿ ಕೋಟು, ಧೋತಿ, ದುಂಡು ಕನ್ನಡಕದ ಶ್ರೀಸಾಮಾನ್ಯ ಎಲ್ಲಿ ನಿಂತಿದ್ದಾನೆ? ಬಹಳ ಸಲ ಅಂಚಿನಲ್ಲಿ. ಮಾತಾಡುವುದಿಲ್ಲ, ನೋಡುತ್ತಾನೆ. ಆ ಜಾಗಕ್ಕೆ ಬೆರಳು ಅಡ್ಡ ಇಟ್ಟು ಅವನನ್ನು ಮರೆಮಾಡಿ ನೋಡಿ. ಮಾತು ಅದೇ ಇರುತ್ತದೆ, ನಮ್ಮ ಕಡೆಯವರು ಯಾರೂ ಅಲ್ಲಿಲ್ಲ ಅನಿಸುತ್ತದೆ, ಅಲ್ವಾ?

ಈ ಬೆರಳಿನ ಪರೀಕ್ಷೆಯನ್ನು ನೀವು ಆರಿಸಿದ ಚಿತ್ರಕ್ಕೂ ಮಾಡಿ. ಒಂದೊಂದೇ ವಸ್ತು ಮುಚ್ಚುತ್ತಾ ಹೋಗಿ. ಮುಚ್ಚಿದಾಗ ಅರ್ಥ ಕೆಡುವ ವಸ್ತುಗಳ ಪಟ್ಟಿ ಬರೆಯಿರಿ. ಒಳ್ಳೆಯ ಕಾರ್ಟೂನಿನಲ್ಲಿ ಈ ಪಟ್ಟಿ ತುಂಬಾ ಚಿಕ್ಕದು.

## ಹಂತ 4: ಗೆರೆ ಯಾವ ಸಾಧನದಿಂದ ಹುಟ್ಟಿತು ಎಂದು ಪತ್ತೆ ಮಾಡಿ

ನನಗೆ ಅತಿ ಹೆಚ್ಚು ಕಾಲ ಹಾಳಾದದ್ದು ಇಲ್ಲಿ. ಟೆನಿಯಲ್‌ನ ಜಾಲರಿ ಗೆರೆಗಳನ್ನು ನಿಬ್ಬಿನಿಂದ ನಕಲು ಮಾಡಲು ತಿಂಗಳುಗಟ್ಟಲೆ ಒದ್ದಾಡಿದೆ. ಎಷ್ಟು ಮಾಡಿದರೂ ಆ ಬಿಗಿ ಬರಲಿಲ್ಲ. ಬರುವುದೂ ಇಲ್ಲ. ಯಾಕೆಂದರೆ ಅವು ಪೆನ್ನಿನ ಗೆರೆಗಳೇ ಅಲ್ಲ.

ಟೆನಿಯಲ್ ಚಿತ್ರ ಬಿಡಿಸುತ್ತಿದ್ದ. ಜೋಸೆಫ್ ಸ್ವೈನ್ ಮತ್ತು ಅವನ ಕೆಲಸಗಾರರು ಅದನ್ನು ಗಟ್ಟಿ ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದರು. ಬಿಳಿ ಬೇಕಾದ ಕಡೆ ಮರವನ್ನು ಕೆತ್ತಿ ತೆಗೆಯಬೇಕು, ಉಳಿದ ಏಣು ಕಪ್ಪಾಗಿ ಅಚ್ಚಾಗುತ್ತದೆ. ಜಾಲರಿಯ ಒಂದೊಂದು ಬಿಳಿ ಕಿಂಡಿಯನ್ನೂ ಒಬ್ಬ ಮನುಷ್ಯ ಉಳಿಯಿಂದ ಕಿತ್ತಿದ್ದಾನೆ. ಹಾಗಾಗಿ ನಾವು ಕಾಣುವುದು ಇಬ್ಬರ ಕೈಕೆಲಸ.

ದೋಮಿಯೆಯದು ಬೇರೆ ದಾರಿ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬಿಡಿಸಿ ಅಚ್ಚು ಹಾಕುವ ಕಲ್ಲಚ್ಚು. ಕಲ್ಲಿನ ಒರಟು ಮೈಯಿಂದ ಗೆರೆ ಪುಡಿ ಪುಡಿಯಾಗಿ ಮೃದುವಾಗುತ್ತದೆ. ಇದನ್ನು ನಿಬ್ಬಿನಿಂದ ನಕಲು ಮಾಡುವುದು ವ್ಯರ್ಥ. ಒರಟು ಕಾರ್ಟ್ರಿಡ್ಜ್ ಹಾಳೆಯ ಮೇಲೆ ಕಪ್ಪು ಕ್ರೇಯಾನ್ ಅಡ್ಡ ಹಿಡಿದು ಉಜ್ಜಿ, ಹತ್ತಿರ ಬರುತ್ತದೆ.

ಇಲ್ಲೇ ಇನ್ನೊಂದು ಗುಟ್ಟಿದೆ. ಕಲ್ಲಿನ ಮೇಲೆ ಬಿಡಿಸಿದ್ದು ಹಾಳೆಗೆ ಬಂದಾಗ ಕನ್ನಡಿಯಲ್ಲಿ ನೋಡಿದಂತೆ ಎಡ ಬಲ ತಿರುಗುತ್ತದೆ. ಬಲಗೈಯವರು ಛಾಯೆಯ ಗೆರೆ ಎಳೆದರೆ ಅದು ಸಾಮಾನ್ಯವಾಗಿ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ವಾಲುತ್ತದೆ. ಅಚ್ಚಿನಲ್ಲಿ ಅದು ಉಲ್ಟಾ ವಾಲಿರುತ್ತದೆ. ಆ ಉಲ್ಟಾ ಗೆರೆಯನ್ನು ನಕಲು ಮಾಡಲು ಹೋದಾಗ ಮಣಿಕಟ್ಟು ತಿರುಚಿದಂತಾಗಿ ಕೈ ನೋಯುತ್ತದೆ. ಪರಿಹಾರ ಸುಲಭ: ಫೋನಿನಲ್ಲಿ ಸ್ಕ್ಯಾನನ್ನು ಕನ್ನಡಿಯಂತೆ ತಿರುಗಿಸಿ, ಆಮೇಲೆ ನಕಲು ಮಾಡಿ. ಕೈ ತಾನಾಗಿ ಸಡಿಲವಾಗುತ್ತದೆ. ನನಗಂತೂ ಇದು ಗೊತ್ತಾದ ದಿನ ಕಿಟಕಿ ತೆರೆದಂತಾಯಿತು.

ಲೋ ಬಳಸಿದ್ದು ಬ್ರಷ್ ಮತ್ತು ಮಸಿ. ಇಲ್ಲಿ ಗೆರೆಯ ದಪ್ಪ ಬದಲಾಗುವುದು ಒತ್ತಡದಿಂದ. ಬೆರಳು ಆಡಿಸಬೇಡಿ, ಭುಜದಿಂದ ಎಳೆಯಿರಿ. ಪತ್ರಿಕೆಯ ಚಿತ್ರಗಳನ್ನು ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ ಬಿಡಿಸುವುದು ರೂಢಿ. ನೀವೂ ಒಂದೂವರೆ ಪಟ್ಟು ದೊಡ್ಡದಾಗಿ ನಕಲು ಮಾಡಿ, ನಂತರ ಫೋಟೋ ತೆಗೆದು ಚಿಕ್ಕದು ಮಾಡಿ ಹೋಲಿಸಿ.

ಇಡೀ ಚಿತ್ರವನ್ನು ಮಸಿಯಲ್ಲಿ ನಕಲು ಮಾಡುವ ಅಗತ್ಯವೇ ಇಲ್ಲ. ಅಂಗೈ ಅಗಲದ ಒಂದು ತುಂಡು ಆರಿಸಿ, ಒಂದು ತೋಳು ಅಥವಾ ಒಂದು ಬೂಟು. ಅದನ್ನೇ ಐದು ಸಲ ಮಾಡಿ. ಐದನೆಯದು ಮೊದಲನೆಯದಕ್ಕಿಂತ ಬೇಗ ಮುಗಿಯದಿದ್ದರೆ ನೀವು ಇನ್ನೂ ಗೆರೆಯನ್ನು ಹೆದರಿ ಹೆದರಿ ಎಳೆಯುತ್ತಿದ್ದೀರಿ.

## ಹಂತ 5: ಮುಖವನ್ನು ನಾಲ್ಕು ಹೆಜ್ಜೆಯಲ್ಲಿ ಬದಲಿಸಿ

1831ರಲ್ಲಿ ಪ್ಯಾರಿಸ್‌ನ ಪತ್ರಿಕೆ ಮಾಲೀಕ ಶಾರ್ಲ್ ಫಿಲಿಪಾನ್ ಕೋರ್ಟಿನಲ್ಲಿ ನಿಂತಿದ್ದ. ರಾಜ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಆರೋಪ. ಅವನು ನಾಲ್ಕು ಮುಖ ಬಿಡಿಸಿ ತೋರಿಸಿದ. ಮೊದಲನೆಯದು ರಾಜ. ಕೊನೆಯದು ಬರೀ ಪೇರ್ ಹಣ್ಣು. ನಡುವಿನ ಎರಡು ಅರ್ಧ ರಾಜ, ಅರ್ಧ ಹಣ್ಣು. ಇದರಲ್ಲಿ ಯಾವುದಕ್ಕೆ ಶಿಕ್ಷೆ ಕೊಡುತ್ತೀರಿ, ಹಣ್ಣಿಗೂ ಕೊಡುತ್ತೀರಾ ಎಂಬುದು ಅವನ ವಾದ. ಫ್ರೆಂಚ್ ಆಡುಮಾತಿನಲ್ಲಿ ಪೇರ್ ಅಂದರೆ ಪೆದ್ದ. ಆಮೇಲೆ ಪ್ಯಾರಿಸ್‌ನ ಗೋಡೆಗಳ ಮೇಲೆಲ್ಲ ಪೇರ್ ಹಣ್ಣು ಕಾಣಿಸಿಕೊಂಡಿತು. ಅವನ ಪತ್ರಿಕೆಗೆ ಬಿಡಿಸುತ್ತಿದ್ದ ದೋಮಿಯೆ, ರಾಜನನ್ನು ತೆರಿಗೆ ನುಂಗುವ ದೈತ್ಯನಾಗಿ ಚಿತ್ರಿಸಿ 1832ರಲ್ಲಿ ಜೈಲು ಸೇರಿದ.

ನಮಗೆ ಬೇಕಾದದ್ದು ಆ ನಾಲ್ಕು ಹೆಜ್ಜೆಯ ವಿಧಾನ. ಎರಡನೇ ಹೆಜ್ಜೆಯಲ್ಲಿ ಏನು ಹೋಯಿತು, ಮೂರನೆಯದರಲ್ಲಿ ಏನು ಉಳಿಯಿತು ಎಂದು ನೋಡಿ. ಕಣ್ಣು ಮೂಗು ಕರಗಿದರೂ ಕೆನ್ನೆಯ ಭಾರ ಉಳಿದಿದೆ. ಗುರುತು ಇರುವುದು ಅಲ್ಲೇ.

ಈಗ ನೀವು ಮಾಡಿ. ಕನ್ನಡಿ ನೋಡಿ ನಿಮ್ಮದೇ ಮುಖವನ್ನು ನೇರವಾಗಿ ಬಿಡಿಸಿ. ಅದರ ಹೊರ ಆಕಾರ ಯಾವುದಕ್ಕೆ ಹತ್ತಿರ? ಮಾವಿನಕಾಯಿಯೋ, ತೆಂಗಿನಕಾಯಿಯೋ, ಹಾಗಲಕಾಯಿಯೋ? ಟ್ರೇಸಿಂಗ್ ಪೇಪರ್ ಒಂದರ ಮೇಲೊಂದು ಇಟ್ಟು ನಾಲ್ಕು ಹೆಜ್ಜೆಯಲ್ಲಿ ಅಲ್ಲಿಗೆ ತಲುಪಿ. ನಿಮ್ಮ ಕೆಲಸಕ್ಕೆ ಬರುವ ಮುಖ ಬಹುತೇಕ ಎರಡನೇ ಅಥವಾ ಮೂರನೇ ಹೆಜ್ಜೆಯಲ್ಲಿ ಸಿಗುತ್ತದೆ. ದೊಡ್ಡ ಮೂಗು ಸಿಕ್ಕಿತು ಅಂತ ಮೂಗನ್ನಷ್ಟೇ ಎಳೆಯುತ್ತಾ ಹೋಗುವುದು ಸಾಮಾನ್ಯ ತಪ್ಪು. ಒಂದನ್ನು ಹಿಗ್ಗಿಸಿದರೆ ಪಕ್ಕದ್ದನ್ನು ಕುಗ್ಗಿಸಬೇಕು, ಆಗಲೇ ಹಿಗ್ಗಿದ್ದು ಕಾಣುತ್ತದೆ.

ಒಂದು ಗಂಭೀರ ಎಚ್ಚರಿಕೆ. ಹಳೆಯ ಚಿತ್ರಗಳಲ್ಲಿ ವಿಷವೂ ಇದೆ. ಐರಿಷ್ ಜನರನ್ನು ಕೋತಿಯ ಮುಖದಲ್ಲಿ ಬಿಡಿಸಿದವನು ಇದೇ ಟೆನಿಯಲ್. 1857ರ ದಂಗೆಯ ಹೊತ್ತಿನಲ್ಲಿ ಭಾರತವನ್ನು ಹೆಂಗಸು ಮಗುವಿನ ಮೇಲೆ ಎರಗುವ ಹುಲಿಯಾಗಿ, ಬ್ರಿಟನ್ನನ್ನು ಸೇಡು ತೀರಿಸಲು ಹಾರಿದ ಸಿಂಹವಾಗಿ ಬಿಡಿಸಿದ್ದೂ ಅವನೇ. ಅಮೆರಿಕದ ಎಷ್ಟೋ ಹಳೆಯ ಅನಿಮೇಷನ್‌ಗಳಲ್ಲಿ ಕಪ್ಪು ಜನರನ್ನು ಹೀನಾಯವಾಗಿ ತೋರಿಸಿದ್ದಾರೆ. ಇವನ್ನು ನೋಡಬೇಡಿ ಎನ್ನುವುದಿಲ್ಲ. ಆದರೆ ಮುಖ ಹಿಗ್ಗಿಸುವಾಗ ಕೇಳಿಕೊಳ್ಳಿ: ನಾನು ಹಿಗ್ಗಿಸುತ್ತಿರುವುದು ಈ ಒಬ್ಬ ಮನುಷ್ಯನ ನಡತೆಯನ್ನೋ, ಅವನು ಹುಟ್ಟಿದ ಜನರ ಚಹರೆಯನ್ನೋ? ಎರಡನೆಯದಾದರೆ ಆ ಹಾಳೆ ಹರಿದುಹಾಕಿ.

## ಹಂತ 6: ಅನಿಮೇಷನ್ ನೋಡುವ ಮುಂಚೆ ಎಣಿಸಿ

ಪೇರ್ ಹಣ್ಣಿನ ನಾಲ್ಕು ಹೆಜ್ಜೆಯನ್ನು ನಲವತ್ತು ಹೆಜ್ಜೆ ಮಾಡಿ ಬೇಗ ಬೇಗ ತೋರಿಸಿದರೆ? ಅದೇ ಅನಿಮೇಷನ್. ಎಮಿಲ್ ಕೋಲ್ ಹೊರಟದ್ದೂ ಇಲ್ಲಿಂದಲೇ. ಅವನು ಮೊದಲು ಪ್ಯಾರಿಸ್‌ನ ವ್ಯಂಗ್ಯಚಿತ್ರಕಾರ. 1908ರಲ್ಲಿ ಅವನು ಮಾಡಿದ 'ಫಾಂಟಾಸ್ಮಗೋರಿ' ಎರಡು ನಿಮಿಷವೂ ಇಲ್ಲ. ನಿಮ್ಮ ಮೊದಲ ಪಾಠಕ್ಕೆ ಇದನ್ನೇ ತೆಗೆದುಕೊಳ್ಳಿ. ಬರೀ ಕಡ್ಡಿ ಗೆರೆಗಳು, ಹಿನ್ನೆಲೆ ಇಲ್ಲ. ಬಾಟಲಿ ಹೂವಾಗುತ್ತದೆ, ಒಂದು ಆಕಾರ ಕರಗಿ ಇನ್ನೊಂದಾಗುತ್ತದೆ. ಅವನು ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು ನೆಗೆಟಿವ್ ಮಾಡಿದ್ದರಿಂದ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದಂತೆ ಕಾಣುತ್ತದೆ.

ಸುಮಾರು 700 ಚಿತ್ರ. ಒಂದೊಂದನ್ನೂ ಎರಡೆರಡು ಫ್ರೇಮ್ ಸೆರೆಹಿಡಿದ. ಒಟ್ಟು 1400 ಫ್ರೇಮ್. ಮೂಕಿ ಕಾಲದ ವೇಗ ಸೆಕೆಂಡಿಗೆ 16 ಎಂದು ಹಿಡಿದರೆ ಹತ್ತಿರ ಹತ್ತಿರ ಒಂದೂವರೆ ನಿಮಿಷ. ಅಂದರೆ ಒಂದು ಸೆಕೆಂಡಿಗೆ ಎಂಟೇ ಚಿತ್ರ! ಅಷ್ಟರಲ್ಲೇ ಜೀವ ಬಂದಿದೆ. ನಿಮ್ಮ ವಿಡಿಯೋ ಸೆಕೆಂಡಿಗೆ 24 ಫ್ರೇಮಿನದಾದರೆ ಒಂದೊಂದು ಚಿತ್ರ ಸುಮಾರು ಮೂರು ಫ್ರೇಮ್ ನಿಲ್ಲಬೇಕು.

ಎಣಿಸುವ ರೀತಿ ಹೀಗೆ. ಐದು ಸೆಕೆಂಡಿನ ತುಂಡು ಆರಿಸಿ. ರೂಲು ಹಾಳೆಯಲ್ಲಿ ಒಂದು ಗೆರೆಗೆ ಒಂದು ಫ್ರೇಮ್ ಎಂದು ಸಂಖ್ಯೆ ಹಾಕಿ. ಒಂದೊಂದೇ ಫ್ರೇಮ್ ಮುಂದೆ ಹೋಗುತ್ತಾ, ಚಿತ್ರ ಬದಲಾದ ಕಡೆ ಅಡ್ಡಗೀರು ಹಾಕಿ. ಗೀರುಗಳು ಹತ್ತಿರ ಬಂದ ಕಡೆ ಏನಾಗುತ್ತಿದೆ, ದೂರವಾದ ಕಡೆ ಏನಾಗುತ್ತಿದೆ ಎಂದು ಪಕ್ಕದಲ್ಲಿ ಬರೆಯಿರಿ. ಬೇಸರದ ಕೆಲಸವೇ. ಆದರೆ ಎರಡು ದಿನ ಕೂತರೆ, ಸುಮ್ಮನೆ ನೋಡುವಾಗಲೂ ಎಲ್ಲಿ ತಡೆದರು, ಎಲ್ಲಿ ಬಿಟ್ಟರು ಎಂದು ಕಣ್ಣಿಗೆ ತಿಳಿಯತೊಡಗುತ್ತದೆ.

ಕೆಟ್ಟ ಪ್ರತಿಯ ಲಕ್ಷಣಗಳು: ಪ್ರತಿ ಐದನೇ ಫ್ರೇಮ್ ಹಿಂದಿನದರ ನಕಲಾಗಿದ್ದರೆ, ಅಥವಾ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಅಡ್ಡ ಗೀರು ಕಂಡರೆ ಅದು ಟಿವಿಗಾಗಿ ಸೆಕೆಂಡಿಗೆ 24 ಫ್ರೇಮಿನಿಂದ 30ಕ್ಕೆ ಎಳೆದ ಪ್ರತಿ. ಆ ನಕಲು ಫ್ರೇಮ್ ಬಿಟ್ಟು ಎಣಿಸಿ. ಎರಡು ಚಿತ್ರ ಒಂದರ ಮೇಲೊಂದು ದೆವ್ವದಂತೆ ಕಂಡರೆ, ಅಥವಾ ಚಲನೆ ಎಣ್ಣೆಯಂತೆ ಜಾರುತ್ತಿದ್ದರೆ ಕಂಪ್ಯೂಟರ್ ನಡುವೆ ಹೊಸ ಫ್ರೇಮ್ ತುಂಬಿಸಿದೆ. ಸೆಕೆಂಡಿಗೆ 60 ಫ್ರೇಮ್, ಬಣ್ಣ ಹಾಕಿದ್ದು ಎಂದು ಹೆಮ್ಮೆಯಿಂದ ಹಾಕಿರುವ ಪ್ರತಿಗಳೆಲ್ಲ ಇದೇ ಜಾತಿ. ಮುಟ್ಟಬೇಡಿ. ಅದರಲ್ಲಿ ಕಲಾವಿದನ ಲೆಕ್ಕವೇ ಉಳಿದಿಲ್ಲ.

## ಹಂತ 7: ಮುಖ್ಯ ಚಿತ್ರ ಹುಡುಕಿ, ನಡುವಿನದನ್ನು ನೀವೇ ತುಂಬಿ

ಎರಡನೇ ಪಾಠಕ್ಕೆ ವಿನ್ಸರ್ ಮೆಕೇ 1914ರಲ್ಲಿ ಮಾಡಿದ 'ಗರ್ಟಿ' ಎಂಬ ಡೈನೋಸಾರ್. ಮೆಕೇ ಕೂಡ ನ್ಯೂಯಾರ್ಕಿನ ಪತ್ರಿಕೆಗಳಿಗೆ ಬಿಡಿಸುತ್ತಿದ್ದವನು. ಸಾವಿರಾರು ಹಾಳೆಗಳಲ್ಲಿ ಗರ್ಟಿಯನ್ನು ತಾನೇ ಬಿಡಿಸಿದ. ಹಿನ್ನೆಲೆಯ ಬಂಡೆ, ಮರಗಳನ್ನು ಜಾನ್ ಫಿಟ್ಜ್‌ಸಿಮನ್ಸ್ ಎಂಬ ಸಹಾಯಕ ಪ್ರತಿ ಹಾಳೆಗೂ ಮತ್ತೆ ಮತ್ತೆ ತಿದ್ದಿದ. ಚಿತ್ರ ನೋಡುವಾಗ ಬಂಡೆಗಳು ಸಣ್ಣಗೆ ನಡುಗುವುದು ಅದಕ್ಕೇ.

ಮೆಕೇ ಮೊದಲು ಮುಖ್ಯ ಭಂಗಿಗಳನ್ನು ಬಿಡಿಸಿ, ನಡುವಿನದನ್ನು ಆಮೇಲೆ ತುಂಬಿದ. ನೀವೂ ಹಾಗೆ ಮಾಡಿ. ಗರ್ಟಿ ಕಾಲು ಎತ್ತುವ ಒಂದು ಚಲನೆ ತೆಗೆದುಕೊಳ್ಳಿ. ಚಲನೆ ದಿಕ್ಕು ಬದಲಿಸುವ ಕಡೆ ನಿಲ್ಲಿಸಿ. ಅದು ಮುಖ್ಯ ಚಿತ್ರ. ಅಂಥ ಮೂರು ಸಿಕ್ಕರೆ ಸಾಕು. ಮೂರನ್ನೂ ಹಾಳೆಗೆ ಇಳಿಸಿ. ಈಗ ಪರದೆ ಆರಿಸಿ. ನಡುವಿನ ಚಿತ್ರಗಳನ್ನು ನೋಡದೆ ನೀವೇ ತುಂಬಿ. ಹಾಳೆಗಳನ್ನು ಕೈಯಲ್ಲಿ ಹಿಡಿದು ಸರಸರ ಹಾರಿಸಿ ನೋಡಿ. ನಂತರವೇ ಮೂಲದ ಜೊತೆ ಹೋಲಿಸಿ.

ಹೆಚ್ಚಿನವರು ಮಾಡುವ ತಪ್ಪು ಒಂದೇ. ನಡುವಿನ ಚಿತ್ರವನ್ನು ಸರಿಯಾಗಿ ನಡುವೆ ಇಡುತ್ತಾರೆ. ಹಾಗೆ ಮಾಡಿದರೆ ಕಾಲು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಭಾರ ಇರುವ ವಸ್ತು ನಿಧಾನವಾಗಿ ಹೊರಟು, ನಡುವೆ ವೇಗ ಹಿಡಿದು, ನಿಲ್ಲುವ ಮುಂಚೆ ಮತ್ತೆ ನಿಧಾನವಾಗುತ್ತದೆ. ಆದ್ದರಿಂದ ಎರಡು ತುದಿಗಳಲ್ಲಿ ಚಿತ್ರಗಳು ಒತ್ತೊತ್ತಾಗಿ, ನಡುವೆ ದೂರ ದೂರ ಇರಬೇಕು. ಇನ್ನೊಂದು ತಪ್ಪು: ಮೂಗಿನ ತುದಿ, ಕೈಯ ತುದಿಯನ್ನು ನೇರ ಗೆರೆಯಲ್ಲಿ ಸಾಗಿಸುವುದು. ಜೀವ ಇರುವ ಮೈ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಚಲಿಸುತ್ತದೆ. ಎಲ್ಲ ಹಾಳೆಗಳಲ್ಲೂ ತುದಿಗೆ ಒಂದು ಚುಕ್ಕಿ ಇಟ್ಟು, ಬೆಳಕಿನ ಮೇಲೆ ಒಟ್ಟಿಗೆ ನೋಡಿ. ಚುಕ್ಕಿಗಳ ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿ ಆ ಹಾಳೆ ಮತ್ತೆ ಬಿಡಿಸಿ.

ಗರ್ಟಿ ನಿಂತಲ್ಲೇ ಉಸಿರಾಡುವುದನ್ನೂ ಗಮನಿಸಿ. ಸುಮ್ಮನೆ ನಿಂತ ಪ್ರಾಣಿಯ ಹೊಟ್ಟೆ ಏರಿಳಿಯುತ್ತದೆ. ಕೆಲವೇ ಚಿತ್ರಗಳನ್ನು ಮತ್ತೆ ಮತ್ತೆ ಸುತ್ತಿಸಿದ್ದಾನೆ. ಶ್ರಮ ಉಳಿಸುವ ಈ ಉಪಾಯ ಇಂದಿಗೂ ನಡೆಯುತ್ತದೆ.

## ಹಂತ 8: ತಾಳ ಹಿಡಿಯಿರಿ

ಇದು ಚಿಕ್ಕ ಹಂತ. 1928ರ ನವೆಂಬರ್ 18ರಂದು ತೆರೆಕಂಡ 'ಸ್ಟೀಮ್‌ಬೋಟ್ ವಿಲ್ಲಿ'ಯಂಥ ಮೊದಲ ಟಾಕಿ ಅನಿಮೇಷನ್‌ಗಳಲ್ಲಿ ಚಲನೆ ಸಂಗೀತದ ತಾಳಕ್ಕೆ ಕಟ್ಟಿಕೊಂಡಿದೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ನಿಮಿಷಕ್ಕೆ 1440. ಅದನ್ನು ಎರಡು ತಾಳದ ನಡುವಿನ ಫ್ರೇಮುಗಳಿಂದ ಭಾಗಿಸಿ. 12 ಫ್ರೇಮಿಗೆ ಒಂದು ತಾಳವಾದರೆ ನಿಮಿಷಕ್ಕೆ 120, 8 ಆದರೆ 180. ಒಂದು ದೃಶ್ಯಕ್ಕೆ ತೊಡೆ ತಟ್ಟುತ್ತಾ ತಾಳ ಹಾಕಿ. ಹೆಜ್ಜೆ, ತಲೆ, ಹಿಂಬದಿಯ ವಸ್ತು, ಇವುಗಳಲ್ಲಿ ಯಾವುದು ತಾಳಕ್ಕೆ ಬೀಳುತ್ತದೆ ಎಂದು ಬರೆದುಕೊಳ್ಳಿ. ಆ ಪಾತ್ರಗಳ ಕೈಕಾಲು ಮೊಣಕೈ ಮೊಣಕಾಲು ಇಲ್ಲದ ರಬ್ಬರ್ ಪೈಪಿನಂತಿವೆ. ಆ ಪೈಪನ್ನಷ್ಟೇ ನಕಲು ಮಾಡಿ ತಾಳ ಬಿಟ್ಟರೆ ಹಳೆಯ ವೇಷ ಮಾತ್ರ ಬರುತ್ತದೆ.

## ಹಂತ 9: ನಿಮ್ಮ ಊರಿನ ಸುದ್ದಿಗೆ ತನ್ನಿ

ಇಷ್ಟು ಮಾಡಿದ ಮೇಲೆ ಹಳೆಯದನ್ನೆಲ್ಲ ಮುಚ್ಚಿಡಿ. ಕಣ್ಣಿಗೆ ಕಾಣುವ ಒಂದು ಸಂಗತಿ ಆರಿಸಿ. ಹೊಸದಾಗಿ ಟಾರು ಹಾಕಿದ ರಸ್ತೆಯನ್ನು ಮರುದಿನವೇ ಪೈಪಿಗಾಗಿ ಅಗೆಯುತ್ತಾರೆ ಅಂದುಕೊಳ್ಳಿ. ಹಂತ 2ರ ಮೂರು ವಾಕ್ಯ ಬರೆಯಿರಿ. ಇದು ಯಾವುದಕ್ಕೆ ಹೋಲುತ್ತದೆ? ಹೊಲಿದ ಗಾಯ ಬಿಚ್ಚುವ ಡಾಕ್ಟರಿಗೋ, ಬಡಿಸಿದ ಎಲೆ ಎತ್ತುವ ಬಡಿಸುವವನಿಗೋ? ಹತ್ತು ಹೋಲಿಕೆ ಬರೆದು ಮೊದಲ ಐದನ್ನು ಹೊಡೆದುಹಾಕಿ. ಅವು ಎಲ್ಲರಿಗೂ ಹೊಳೆಯುವಂಥವು. ಬೆಂಕಿಪೊಟ್ಟಣದ ಚೌಕದಲ್ಲಿ ಆರು ಸಲ ಜಾಗ ಹಂಚಿ. ನೋಡುವವನು ಎಲ್ಲಿದ್ದಾನೆ ಎಂದು ತೀರ್ಮಾನಿಸಿ. ಮಸಿ ಕೊನೆಗೆ.

ಅದೇ ಕಾರ್ಟೂನಿನ ಒಂದು ಪಾತ್ರಕ್ಕೆ 24 ಹಾಳೆಯಲ್ಲಿ ಒಂದೇ ಒಂದು ಚಲನೆ ಕೊಡಿ. ಒಂದು ಹಾಳೆ ಎರಡು ಫ್ರೇಮ್ ನಿಂತರೆ ಎರಡು ಸೆಕೆಂಡ್ ಆಗುತ್ತದೆ. ಫೋನನ್ನು ಪುಸ್ತಕಗಳ ನಡುವೆ ಅಲುಗಾಡದಂತೆ ಇಟ್ಟು ಒಂದೊಂದೇ ಫೋಟೋ ತೆಗೆಯಿರಿ. ಕಿಟಕಿ ಬೆಳಕು ಬೇಡ, ಮೋಡ ಬಂದಾಗ ಚಿತ್ರ ಮಿಣುಕುತ್ತದೆ. ಪರದೆ ಎಳೆದು ಬಲ್ಬ್ ಹಾಕಿಕೊಳ್ಳಿ.

ಜೊತೆಗೆ ದಿನವೂ ಹೊರಗೆ ನೋಡಿ ಬಿಡಿಸುವುದನ್ನು ಬಿಡಬೇಡಿ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಲಕ್ಷ್ಮಣ್ 'ದಿ ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದ ಲೋ ಚಿತ್ರಗಳನ್ನು ಆಸೆಯಿಂದ ನೋಡುತ್ತಿದ್ದರು. ಲೋ ಅವರ ಇಂಗ್ಲಿಷ್ ಸಹಿಯನ್ನು ಬಹಳ ಕಾಲ 'ಕೌ' (ಹಸು) ಎಂದೇ ಓದಿಕೊಂಡಿದ್ದರಂತೆ. ಆದರೆ ಆ ಹುಡುಗ ಲೋ ಅವರನ್ನು ನೋಡಿದಷ್ಟೇ ಗಮನದಿಂದ ಮಾಡಿನ ಮೇಲಿನ ಕಾಗೆಗಳನ್ನೂ, ಒಣಗಿದ ಕಡ್ಡಿ ಎಲೆಗಳನ್ನೂ, ಸೌದೆ ಒಡೆಯುವ ಆಳುಗಳನ್ನೂ ನೋಡಿ ಬಿಡಿಸುತ್ತಿದ್ದ.

## ಹೊರಗೆ ಹಾಕುವ ಮುಂಚೆ

ಮನೆಯಲ್ಲಿ ಅಭ್ಯಾಸಕ್ಕೆ ನಕಲು ಮಾಡುವುದು ಬೇರೆ, ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವುದು ಬೇರೆ. ನಮ್ಮ ಕಾಯ್ದೆಯಲ್ಲಿ ಚಿತ್ರದ ಹಕ್ಕು ಕಲಾವಿದ ತೀರಿಕೊಂಡ ನಂತರ 60 ವರ್ಷ ಇರುತ್ತದೆ. 2015ರಲ್ಲಿ ತೀರಿಕೊಂಡ ಲಕ್ಷ್ಮಣ್ ಅವರ ಚಿತ್ರಗಳಿಗೆ ಅದು 2075ರ ಕೊನೆಯವರೆಗೆ. ಸಿನಿಮಾಕ್ಕೆ ಬಿಡುಗಡೆಯಾದ ನಂತರ 60 ವರ್ಷ. ಬೇರೆ ದೇಶಗಳ ಲೆಕ್ಕ ಬೇರೆ. ಅಭ್ಯಾಸದ ನಕಲನ್ನು ಯಾರಿಗಾದರೂ ತೋರಿಸುವಾಗ ಮೂಲ ಕಲಾವಿದನ ಹೆಸರು, ವರ್ಷವನ್ನು ಹಾಳೆಯ ಕೆಳಗೆ ಬರೆಯಿರಿ.

## ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಹೇಗೆ ತಿಳಿಯುವುದು?

ನಿಮ್ಮ ಕಾರ್ಟೂನಿನಲ್ಲಿ ವಸ್ತುಗಳ ಮೇಲೆಲ್ಲ ಹೆಸರು ಬರೆಯಬೇಕಾಗಿ ಬಂದರೆ ಹೋಲಿಕೆ ಗಟ್ಟಿಯಿಲ್ಲ. ಹಂತ 2ಕ್ಕೆ ವಾಪಸ್ ಹೋಗಿ. ನೋಡಿದವರು ಎಷ್ಟು ಚೆನ್ನಾಗಿ ಬಿಡಿಸಿದ್ದೀಯ ಎಂದಷ್ಟೇ ಹೇಳಿ, ವಿಷಯದ ಬಗ್ಗೆ ಏನೂ ಹೇಳದಿದ್ದರೆ ಹಂತ 3 ನೋಡಿ. ಜಾಗ ಹಂಚಿಕೆ ಏನನ್ನೂ ಹೇಳುತ್ತಿಲ್ಲ. ಕೈ ನೋಯುತ್ತಿದ್ದರೆ ಹಂತ 4. ಪಾತ್ರ ನೀರಿನಲ್ಲಿ ತೇಲಿದಂತೆ ಚಲಿಸಿದರೆ ಹಂತ 7ರ ತುದಿಯ ಚಿತ್ರಗಳು ಸಾಲದು, ಎರಡೂ ತುದಿಗೆ ಎರಡೆರಡು ಹಾಳೆ ಸೇರಿಸಿ ಮತ್ತೆ ಹಾರಿಸಿ ನೋಡಿ. ಇಡೀ ಚಿತ್ರವೇ ಅಲುಗಾಡಿದರೆ ತಪ್ಪು ನಿಮ್ಮ ಕೈಯದಲ್ಲ, ಪಂಚಿಂಗ್ ಮಷೀನಿನಲ್ಲಿ ಹಾಳೆ ಓರೆಯಾಗಿ ಕೂತಿದೆ. ನಾಲ್ಕೈದು ಹಾಳೆಗಿಂತ ಹೆಚ್ಚು ಒಟ್ಟಿಗೆ ತೂತು ಮಾಡಬೇಡಿ.